ಎಡಗೈ ಎತ್ತಿದ ಹುಡುಗಿ

ಬಿ.ಎಡ್‌ನಲ್ಲಿ ಫೇಲಾದವರ ಮುಖ ಹೇಗಿರುತ್ತದೆಂದು ಯಾರಾದರೂ ಕೇಳಿದರೆ, ನನ್ನ ಆ ವರ್ಷದ ಬಸ್ ಪಾಸಿನ ಫೋಟೊ ತೋರಿಸಿದರೆ ಸಾಕು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನನಗೆ ಸೀಟು ಸಿಕ್ಕಾಗ ತೆಲುಗು ನಾಡಿನ ಪಟಾನ್‌ಚೆರುವಿನ ನಮ್ಮ ಗಲ್ಲಿಗೆಲ್ಲ ಪೇಢೆ ಹಂಚಿದ್ದ ಅಪ್ಪ, ನಾನು ಅಂತಿಮ ಪಾಠದಲ್ಲಿ ಫೇಲಾದ ಮೇಲೆ ಅದೇ ಗಲ್ಲಿಯಲ್ಲಿ ತಲೆ ತಗ್ಗಿಸಿ ನಡೆಯತೊಡಗಿದರು. ಅಂತಿಮ ಪಾಠವೆಂದರೆ, ಶಾಲೆಯೊಂದರ ತರಗತಿಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರೆದುರು ನಾವು ಮಾಡಿ ತೋರಿಸಬೇಕಾದ ಒಂದೇ ಒಂದು ಪಾಠ. ಎರಡು ವರ್ಷದ ಓದೆಲ್ಲ ಆ ಒಂದು ಪೀರಿಯಡ್ಡಿನ ಕೈಯಲ್ಲಿ.

"ಇನ್ನೊಂದ್ ಸಲ ನೋಡವ್ವಾ," ಅಂದರು ಅಪ್ಪ. "ಈ ಸಲಾನೂ ಆಗ್ಲಿಲ್ಲಂದ್ರ ನಿಮ್ಮಕ್ಕನ ಜೋಡಿ ಪ್ಯಾಕಿಂಗಿಗಿ ಬಾ. ಸೂಪರ್‌ವೈಸರಗ ಹೇಳಿಟ್ಟೀನಿ."

ಅಕ್ಕ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಮನೆಗೆ ಬಂದರೆ ಅವಳ ಕೂದಲಿಗೂ ದುಪಟ್ಟಾಕ್ಕೂ ಕಹಿ ವಾಸನೆ. ಅವಳು ಒಂದು ದಿನವೂ ಗೊಣಗಲಿಲ್ಲ. ಆ ವಾಸನೆ ನನ್ನ ಮೈಗೂ ಹತ್ತುತ್ತದೆಂಬ ಭಯಕ್ಕೆ ನನಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

ಮೊದಲ ಸಲ ಫೇಲಾದದ್ದು ನನ್ನ ಅತಿಬುದ್ಧಿಯಿಂದಲೇ. ನಮ್ಮ ಪಾಠಯೋಜನೆಯ ಪುಸ್ತಕದಲ್ಲಿ ಎಡಕ್ಕೆ ಶಿಕ್ಷಕಿಯ ಪ್ರಶ್ನೆ, ಬಲಕ್ಕೆ ಮಕ್ಕಳ ಉತ್ತರ ಬರೆಯಬೇಕು. ಮಕ್ಕಳು ಬಾಯಿ ತೆರೆಯುವ ಮೊದಲೇ ಅವರ ಉತ್ತರ ಬರೆದಿಡುವ ವಿದ್ಯೆ ಇದು. ಬರೆದಂತೆಯೇ ನಡೆಯಲಿ ಎಂದು ನಾನು ಅದೇ ಪಾಠವನ್ನು ಅದೇ ಮಕ್ಕಳಿಗೆ ಐದು ಸಲ ಮಾಡಿದ್ದೆ. ಪರೀಕ್ಷೆಯ ದಿನ ಮೂರನೇ ಪ್ರಶ್ನೆ ಬಾಯಲ್ಲಿರುವಾಗಲೇ ಇಡೀ ತರಗತಿ ನಾಲ್ಕನೆಯದರ ಉತ್ತರ ಕೂಗಿತು. ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರು ಪಾಸು ಮಾಡುತ್ತಾರೆಂದು ನಾನು ನಂಬಿದ್ದೆ.

ಎರಡನೇ ಸಲ ನನಗೆ ಸಿಕ್ಕಿದ್ದು ಕೊಂಡಾಪುರದ ಒಂದು ಸರ್ಕಾರಿ ತೆಲುಗು ಶಾಲೆಯ ಆರನೇ ತರಗತಿ. ಸುತ್ತ ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ವಾಚ್‌ಮನ್‌ಗಳ ಮಕ್ಕಳು, ಗಾರೆ ಕೆಲಸದವರ ಮಕ್ಕಳು. ಹಿರಿಯ ವಿದ್ಯಾರ್ಥಿನಿಯೊಬ್ಬಳು ನನಗೊಂದು ಉಪಾಯ ಹೇಳಿಕೊಟ್ಟಳು. ಪ್ರತಿ ಪ್ರಶ್ನೆಗೂ ಎಲ್ಲರೂ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾನು ಬಲಗೈಯವರನ್ನಷ್ಟೇ ಕೇಳುವುದು. ಹಿಂದೆ ಕೂತ ಪರೀಕ್ಷಕರಿಗೆ ತರಗತಿಯೆಲ್ಲ ಕೈಯೋ ಕೈ. ಬ್ಯಾಚಿನಿಂದ ಬ್ಯಾಚಿಗೆ ಗುಟ್ಟಾಗಿ ಬಂದ ಉಪಾಯವಂತೆ. ಬಿ.ಎಡ್‌ನಲ್ಲಿ ಇಷ್ಟು ಶ್ರದ್ಧೆಯಿಂದ ನಾನು ಬೇರೇನನ್ನೂ ಕಲಿಯಲಿಲ್ಲ.

ಆ ತರಗತಿಯ ಕೊನೆಯ ಸಾಲಿನಲ್ಲಿ ಯಾದಗಿರಿ ಕಡೆಯ ಹುಡುಗಿಯೊಬ್ಬಳಿದ್ದಳು. ಶಾಲೆಯ ಹಿಂದಿನ ಕಟ್ಟಡದಲ್ಲಿ ಅವಳ ಅಪ್ಪ ಅವ್ವ ಇಬ್ಬರೂ ಕಲ್ಲು ಮಣ್ಣು ಹೊರುತ್ತಿದ್ದರು. ನಾನು ಫೋನಿನಲ್ಲಿ ಅಕ್ಕನ ಜೊತೆ ನಮ್ಮ ಮನೆಮಾತಾದ ಕನ್ನಡ ಮಾತಾಡುವುದನ್ನು ಕೇಳಿಸಿಕೊಂಡ ದಿನದಿಂದ ಅವಳು ನನ್ನನ್ನು "ಅಕ್ಕೋರ" ಎಂದು ಕರೆಯತೊಡಗಿದಳು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವುದು ಹಾಗೆ. ಇನ್ನೂ ಶಿಕ್ಷಕಿಯೇ ಆಗದ ನನ್ನನ್ನು ಹಾಗೆ ಕರೆದವರಲ್ಲಿ ಅವಳೇ ಮೊದಲಿಗಳು. ನನಗೆ ಹಿಗ್ಗಾಗಬೇಕಿತ್ತು, ಆದದ್ದು ದಿಗಿಲು. ಅವಳಿಗೆ ತೆಲುಗು ಅರ್ಥವಾಗುತ್ತಿತ್ತು, ಉತ್ತರ ಹೇಳುವಾಗ ಮಾತ್ರ ಕನ್ನಡ ನುಗ್ಗುತ್ತಿತ್ತು. ಪರೀಕ್ಷಕರ ಮುಂದೆ ಅವಳು ಕನ್ನಡ ಶುರುಮಾಡಿ, ಗಾಬರಿಯಲ್ಲಿ ನಾನೂ ಕನ್ನಡಕ್ಕೆ ಜಾರಿದರೆ ನನ್ನ ಕಥೆ ಮುಗಿದಂತೆ.

ಹಿಂದಿನ ದಿನ ಅವಳನ್ನು ಪಕ್ಕಕ್ಕೆ ಕರೆದೆ. "ನಾಳೆ ನೀ ಎಡಗೈನೇ ಎತ್ತು. ಗೊತ್ತಿದ್ರೂ ಎಡಗೈನೇ. ತಿಳೀತೇನು?"

"ಗೊತ್ತಿದ್ರೂನ್ರಿ?"

"ಹೂಂ. ಗೊತ್ತಿದ್ರೂ."

ಪಾಠ, ಬೀಜ ಮೊಳೆಯುವುದಕ್ಕೆ ಏನೇನು ಬೇಕು ಎಂಬುದು. ಒಣ ಹೆಸರುಕಾಳು, ಒದ್ದೆ ಬಟ್ಟೆಯಲ್ಲಿ ಮೊಳೆತ ಕಾಳು, ಲೋಟದ ನೀರಿನಲ್ಲಿ ಮುಳುಗಿಸಿಟ್ಟ ಕಾಳು, ಎಲ್ಲವನ್ನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಕೈಗಳು ಹೇಳಿದಂತೆ ಎದ್ದವು. ಬಲಗೈಗಳು ಅಚ್ಚುಕಟ್ಟಾಗಿ ಉತ್ತರ ಕೊಟ್ಟವು. ನನ್ನ ಬೆನ್ನಿನ ಬೆವರು ಆರತೊಡಗಿತ್ತು.

ಲೋಟ ಎತ್ತಿ ಹಿಡಿದು ಕೊನೆಯ ಪ್ರಶ್ನೆ ಕೇಳಿದೆ. ನೀರಿನಲ್ಲಿ ಪೂರ್ತಿ ಮುಳುಗಿಸಿದ ಕಾಳು ಯಾಕೆ ಮೊಳೆಯಲಿಲ್ಲ?

"ಒಂದು ನಿಮಿಷ," ಎಂದರು ಪರೀಕ್ಷಕರು ತೆಲುಗಿನಲ್ಲಿ. "ಆ ಹುಡುಗಿ ಆಗಿನಿಂದ ಕೈ ಎತ್ತುತ್ತಲೇ ಇದ್ದಾಳೆ. ಅವಳನ್ನು ಯಾಕೆ ಕೇಳುತ್ತಿಲ್ಲ?"

ಅವಳು ಎದ್ದು ನಿಂತಳು. ಎಡಗೈ ಇನ್ನೂ ಮೇಲೆಯೇ ಇತ್ತು. ಒಮ್ಮೆ ತನ್ನ ಕೈ ನೋಡಿಕೊಂಡಳು, ಒಮ್ಮೆ ನನ್ನನ್ನು ನೋಡಿದಳು. ನಾನು ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವಳು ತುಟಿ ಬಿಗಿಹಿಡಿದಳು. ಗೊತ್ತಿಲ್ಲದೆ ಕೈ ಯಾಕೆ ಎತ್ತಿದೆ ಎಂದು ಪರೀಕ್ಷಕರು ಕೇಳಿದರು. ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿದಳು, ಥೇಟ್ ನಮ್ಮಪ್ಪ ಗಲ್ಲಿಯಲ್ಲಿ ತಗ್ಗಿಸುತ್ತಿದ್ದ ಹಾಗೆ.

ಪಾಠ ಮುಗಿದ ಮೇಲೆ ಪರೀಕ್ಷಕರು ನನ್ನ ಪುಸ್ತಕಕ್ಕೆ ಸಹಿ ಹಾಕುತ್ತ ಸಮಾಧಾನ ಹೇಳಿದರು. "ಪಾಸಾಗಿದ್ದೀಯಮ್ಮಾ. ಆ ಹುಡುಗಿಯದೇನು ನಿನ್ನ ತಪ್ಪಲ್ಲ. ಕೂಲಿಯವರ ಮಕ್ಕಳು, ತಲೆಗೆ ಹತ್ತುವುದಿಲ್ಲ. ಅಲ್ಲವೇ?"

"ಹೌದು ಸರ್," ಎಂದೆ. ಯಾರೂ ನನ್ನ ಕತ್ತು ಹಿಡಿದು ಅನ್ನಿಸಲಿಲ್ಲ. ನಾನೇ ಅಂದೆ. ಇವತ್ತು ನೆನೆದರೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಚೀಲ ತೆಗೆದುಕೊಂಡು ಹೊರಟಾಗ ಅವಳು ಗೇಟಿನ ಹತ್ತಿರ ಕಾಯುತ್ತಿದ್ದಳು. ಅತ್ತಿರಬಹುದೆಂದುಕೊಂಡಿದ್ದೆ. ಅವಳ ಮುಖದಲ್ಲಿ ಗೆದ್ದ ಕಳೆಯಿತ್ತು.

"ಅಕ್ಕೋರ, ನನಗ ಗೊತ್ತಿತ್ರಿ. ಮುಳುಗಿದ ಕಾಳಿಗಿ ಗಾಳಿ ಸಿಗಲ್ರಿ, ಕೊಳಿತೈತಿ. ಎಡಗೈ ಎತ್ತಿದ್ನಲ್ರಿ, ಅದಕ್ಕ ಹೇಳ್ಲಿಲ್ಲ. ಪಾಸಾದ್ರೇನ್ರಿ?"

ನಾನು ಹೌದೆಂದು ತಲೆಯಾಡಿಸಿದೆ.

"ಹಂಗಾರ ನಾಳಿಂದ ನಾ ಬಲಗೈ ಎತ್ಲೇನ್ರಿ?"

ಆ ಶಾಲೆಯಲ್ಲಿ ಅದು ನನ್ನ ಕೊನೆಯ ದಿನ. ಎತ್ತು ಎಂದೆ. ನಾಳೆ ನಾನು ಬರುವುದಿಲ್ಲ ಎಂದು ಹೇಳಲಿಲ್ಲ.