ಗುರುವಾರದ ಚುಕ್ಕಿ

ಕೈಗೆ ಕಟ್ಟಿದ ಸ್ಮಾರ್ಟ್ ವಾಚು ನಾವು ಹೋದಲ್ಲೆಲ್ಲ ನಮ್ಮ ಗುಟ್ಟನ್ನು ಹೇಗೆ ಬಿಟ್ಟುಕೊಡುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯವಾಗಿತ್ತು. ಅದಕ್ಕೆ ನಾನು ಆರಿಸಿಕೊಂಡ ದಾರಿ ಇಷ್ಟೇ: ಹತ್ತು ಹೆಂಗಸರ ಕೈಗೆ ವಾಚು ಕಟ್ಟಿ, ಅವರು ಎಲ್ಲೆಲ್ಲಿ ಹೋಗುತ್ತಾರೆಂದು ಬಳ್ಳಾರಿಯಲ್ಲಿ ಕೂತು ನೋಡುವುದು. ಇದರಲ್ಲೇನಾದರೂ ವಿಚಿತ್ರವಿದೆ ಎಂದು ನನಗೂ ಅನ್ನಿಸಲಿಲ್ಲ, ನನ್ನ ಗೈಡಿಗೂ ಅನ್ನಿಸಲಿಲ್ಲ.

ಹತ್ತು ಮಂದಿಯಲ್ಲಿ ಒಬ್ಬಾಕೆ ಸಿರುಗುಪ್ಪದಲ್ಲಿ ಮನೆಯ ಪಡಸಾಲೆಯಲ್ಲೇ ಮಷಿನ್ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿದೆ. ನೀವು ಎಲ್ಲಿಗೆ ಹೋದಿರೆಂದು ಯಾರಿಗೂ ತಿಳಿಸುವುದಿಲ್ಲ, ಯಾಕೆ ಹೋದಿರೆಂದು ಯಾರೂ ಕೇಳುವುದಿಲ್ಲ. ಆಕೆ ದಾರವನ್ನು ಹಲ್ಲಿನಿಂದ ಕಡಿದು, "ಇನ್ನೊಮ್ಮಿ ಓದ್ರಿ ಮೇಡಂ, ಕೇಳಾಕ ಛಲೋ ಐತಿ" ಎಂದಳು. ಮತ್ತೆ ಓದಿದೆ. ಸಹಿ ಹಾಕಿದಳು.

ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಉಳಿದವರ ಚುಕ್ಕಿಗಳು ಮನೆ ಬಿಟ್ಟರೆ ಮಾರ್ಕೆಟ್, ಮಾರ್ಕೆಟ್ ಬಿಟ್ಟರೆ ಮನೆ. ಈಕೆಯದು ಮಾತ್ರ ಪ್ರತಿ ಗುರುವಾರ ಮಧ್ಯಾಹ್ನ ಕುರುಗೋಡಿಗೆ ಹೋಗಿ, ಒಂದು ಓಣಿಯಲ್ಲಿ ಎರಡು ತಾಸು ನಿಂತು, ಸಂಜೆಯೊಳಗೆ ವಾಪಸ್ ಬರುತ್ತಿತ್ತು. ನನಗೆ ಊಟ ಸೇರದಾಯಿತು. ಗುರುವಾರ ಬಂದರೆ ಕಾಲೇಜಿನ ಪಾಠ ಬೇಗ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂರತೊಡಗಿದೆ. ಎಲ್ಲಾ ಸಂಶೋಧನೆಗಾಗಿ.

ಕಡೆಗೆ ತಡೆಯಲಾರದೆ, ವಾಚಿನ ಬೆಲ್ಟ್ ನೋಡುವ ನೆಪ ಹೂಡಿ ಸಿರುಗುಪ್ಪಕ್ಕೆ ಹೋದೆ. "ಅಕ್ಕಾ, ಕುರುಗೋಡದಾಗ ಯಾರದಾರ್ರಿ?" ಎಂದು ಕೇಳಿಯೇಬಿಟ್ಟೆ.

ಮಷಿನ್ ನಿಂತಿತು.

"ನನ್ನ ಮದಿವ್ಯಾಗಿ ಹನ್ನೆರಡು ವರ್ಷಾತು. ಗಂಡ ಕೇಳಿಲ್ಲ, ಅತ್ತಿ ಕೇಳಿಲ್ಲ. ಯಾರೂ ಕೇಳಂಗಿಲ್ಲ ಅಂತ ಹಾಳಿ ತಂದು ಎರಡು ಸಲ ಓದಿದಾಕಿ ನೀವು. ಈಗ ಕೇಳಾಕಿನೂ ನೀವ!"

ಬೆಲ್ಟ್ ಸರಿಯಾಗಿಯೇ ಇತ್ತು. ಆದರೂ ಒಂದು ತೂತು ಸಡಿಲ ಮಾಡಿ, ತಲೆ ತಗ್ಗಿಸಿ ಎದ್ದು ಬಂದೆ.

ಮುಂದಿನ ವಾರ ಗೈಡ್ ಮುಂದೆ ನಕ್ಷೆ ಇಟ್ಟೆ. ಅದರಲ್ಲಿ ಹೆಸರುಗಳಿರಲಿಲ್ಲ, ಬರೀ ಸಂಖ್ಯೆಗಳು. ಗೌಪ್ಯತೆಯ ಅಧ್ಯಾಯವನ್ನು ಅವರು ಬಹಳ ಮೆಚ್ಚಿದರು. ಇಂಥ ಸೂಕ್ಷ್ಮ ಈಗಿನವರಲ್ಲಿ ಇಲ್ಲವೆಂದರು. ಆಮೇಲೆ ಕನ್ನಡಕ ಏರಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು: "ಈ ಗುರುವಾರದಾಕಿ ಯಾರವಾ? ನಮ್ಮ ಬೀಗರ ಮನಿ ಅದ ಓಣ್ಯಾಗ ಐತಿ."

"ಹೇಳಾಕ ಬರಂಗಿಲ್ಲ ಸರ್" ಎಂದೆ. ಅವರ ಮುಖ ಸಪ್ಪಗಾಯಿತು. ಅಂದೇ ಆ ಚುಕ್ಕಿಯನ್ನು ಪೂರ್ತಿ ಅಳಿಸಿಹಾಕಿದೆ. ಒಂಬತ್ತು ಮಂದಿ ಸಾಲದು, ಹತ್ತನೆಯವರನ್ನು ಹುಡುಕಿ ತಾ ಎಂದು ಗೈಡ್ ಪಟ್ಟು ಹಿಡಿದರು. ಪ್ರಬಂಧ ಆರು ತಿಂಗಳು ತಡವಾಯಿತು.

ವಾಚು ವಾಪಸ್ ತರಲು ಹೋದಾಗ ಅಳಿಸಿದ್ದನ್ನು ಆಕೆಗೆ ಹೇಳಿ, ತಪ್ಪಾಯಿತು ಎಂದೆ.

"ಇರ್ಲಿ ಬಿಡ್ರಿ. ಒಗ್ಗಾಣಿ ಮಾಡೀನಿ, ತಿಂದು ಹೋಗ್ರಿ" ಎಂದು ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟಳು. ಅಂದು ಗುರುವಾರ. ಆಕೆ ಸೀರೆ ಬದಲಿಸಿ, ಚೀಲ ಹಿಡಿದು ಬಸ್ಸಿಗೆ ತಯಾರಾಗಿದ್ದಳು. ಎಲ್ಲಿ ಬಾಯಿ ಜಾರುತ್ತದೋ ಎಂಬ ಭಯಕ್ಕೆ ನಾನು ಬಾಯಿ ತುಂಬ ಮಂಡಕ್ಕಿ ತುಂಬಿಕೊಂಡೆ.