ಕಣ್ಣಿನ ಪರೀಕ್ಷೆಗೆ ಕಂಠಪಾಠ

ಕಳೆದ ವಾರ ನಾನೊಂದು ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದೆ. ಅದೂ ಈ ವಯಸ್ಸಿನಲ್ಲಿ, ಟೀಚರ್ ಆಗಿ.

ದೂರದಿಂದ ಬಸ್ಸಿನ ಬೋರ್ಡು ಮಸುಕಾಗಿ ಕಾಣುತ್ತಿದೆ ಎಂದು ಕೊಟ್ಟೂರಿನ ಒಂದು ಕನ್ನಡಕದ ಅಂಗಡಿಗೆ ಹೋಗಿದ್ದೆ. ಕಣ್ಣು ನೋಡುವ ಹೆಣ್ಣುಮಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎಡಗಣ್ಣು ಮುಚ್ಚಿಕೊಳ್ಳಲು ಹೇಳಿದಳು. ನಾನು ಶುರು ಮಾಡಿಯೇ ಬಿಟ್ಟೆ. "ಇ. ಎಫ್, ಪಿ. ಟಿ, ಓ, ಝೆಡ್..." ಕೊನೆಯ ಸಾಲಿನವರೆಗೂ ಎಲ್ಲೂ ತಡವರಿಸಲಿಲ್ಲ.

"ಮೇಡಂ, ಇನ್ನೂ ಚಾರ್ಟಿನ ಲೈಟೇ ಹಾಕಿಲ್ರೀ" ಎಂದಳು ಆಕೆ.

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಬೇರೆ ಚಾರ್ಟ್ ಹಾಕಮ್ಮ ಎಂದೆ. ಅದರಲ್ಲಿ ನಾಲ್ಕನೇ ಸಾಲಿಗೇ ಮುಗ್ಗರಿಸಿದೆ.

ಆ ಅಕ್ಷರಗಳು ನನಗೆ ಬಾಯಿಪಾಠವಾಗಿದ್ದು ಹೇಗೆ? ಇಷ್ಟು ವರ್ಷ ಈ ಅಂಕಣದಲ್ಲಿ ನಿಮಗೆ ಮನೆಯ ಸಂಗತಿ, ಶಾಲೆಯ ಸಂಗತಿ, ಪಕ್ಕದ ಮನೆಯ ಸಂಗತಿ (ಅವರ ಸಿಟ್ಟನ್ನೂ ಕಟ್ಟಿಕೊಂಡು) ಎಲ್ಲ ಹೇಳಿದ್ದೇನೆ. ಇದೊಂದನ್ನು ಹೇಳಿಲ್ಲ. ಏಕೆಂದರೆ ಇದರಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಹರಪನಹಳ್ಳಿಯಲ್ಲಿ ಮನೆ ಮಾಡಿಕೊಂಡು, ಕೊಟ್ಟೂರಿನ ದಾರಿಯ ಹಳ್ಳಿಯೊಂದರ ಹೈಸ್ಕೂಲಿಗೆ ದಿನಾ ಓಡಾಡುತ್ತಿದ್ದೆ. ವಿಜ್ಞಾನದ ಟೀಚರ್. ಬೆಳಗಿನ ಏಳೂವರೆಯ ಪ್ರೈವೇಟ್ ಬಸ್ಸು. ಡ್ರೈವರ್ ಕೊಟ್ರಪ್ಪ, ಹೊಳಲಿನ ಕಡೆಯವರು, ಐವತ್ತು ದಾಟಿದ ಮನುಷ್ಯ. ಅವರಷ್ಟು ನಿಧಾನ, ಅವರಷ್ಟು ನಾಜೂಕಾಗಿ ಬಸ್ಸು ಓಡಿಸುವವರನ್ನು ನಾನು ಕಂಡಿಲ್ಲ. ಹಸುಗೂಸು ಎತ್ತಿಕೊಂಡ ಬಾಣಂತಿಯರು ಬೇರೆ ಬಸ್ಸು ಬಿಟ್ಟು ಅವರ ಬಸ್ಸಿಗೇ ಕಾಯುತ್ತಿದ್ದರು. ಡ್ರೈವರಿನ ಹಿಂದಿನ ಸೀಟು ನನ್ನದು. ಬೇರೆ ಯಾರಾದರೂ ಕೂತರೆ "ಅದು ಅಕ್ಕೋರ ಸೀಟು, ಏಳ್ರಿ" ಎಂದು ಅವರೇ ಎಬ್ಬಿಸುತ್ತಿದ್ದರು. ನಮ್ಮ ಕಡೆ ಹೆಣ್ಣು ಮೇಷ್ಟ್ರನ್ನು ಅಕ್ಕೋರು ಎನ್ನುವುದು ನಿಮಗೆ ಗೊತ್ತೇ ಇದೆ.

ಒಂದು ದಿನ ಬಸ್ಸು ಹೊರಡುವ ಮೊದಲು ಕೊಟ್ರಪ್ಪ ಹಿಂದೆ ತಿರುಗಿದರು.

"ಅಕ್ಕೋರೆ, ಲೈಸನ್ಸ್ ರಿನ್ಯೂವಲ್ ಬಂದೈತಿ. ಡಾಕ್ಟರು ಕಣ್ಣು ನೋಡಿ ಸರ್ಟಿಫಿಕೇಟ್ ಕೊಡಬೇಕು. ಅಲ್ಲಿ ಗ್ವಾಡಿಗೆ ಇಂಗ್ಲಿಷ್ ಅಕ್ಷರ ಬರದು ತೂಗುಹಾಕ್ಯಾರ. ನಾನು ಓದಿದ್ದು ಕನ್ನಡ ನಾಕನೇತ್ತ. ಇಂಗ್ಲಿಷ್ ಬರಂಗಿಲ್ಲ ಅಂತ ನನ್ನ ಫೇಲ್ ಮಾಡ್ತಾರ."

ನನಗೆ ಸಿಟ್ಟು ಬಂತು. ಡಾಕ್ಟರ ಮೇಲೆ, ಆಫೀಸಿನ ಮೇಲೆ, ಇಂಗ್ಲಿಷಿನ ಮೇಲೆ. ಇಷ್ಟು ವರ್ಷ ಒಂದು ಕೋಳಿಗೂ ತಾಗಿಸದೆ ಬಸ್ಸು ಓಡಿಸಿದವರನ್ನು ಎಬಿಸಿಡಿ ಬರುವುದಿಲ್ಲ ಎಂದು ಮನೆಗೆ ಕಳಿಸುವುದೇ? ನಮ್ಮ ಶಾಲೆಯ ಲ್ಯಾಬಿನಲ್ಲೂ ಅದೇ ಚಾರ್ಟು ಇತ್ತು. ಸಾಲು ಸಾಲಾಗಿ ಹಾಳೆಯ ಮೇಲೆ ಇಳಿಸಿಕೊಂಡು ಬಂದೆ.

ಹದಿನೈದು ದಿನ ಪಾಠ ನಡೆಯಿತು. ನಾನು ಹೇಳುವುದು, ಅವರು ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತ ಒಪ್ಪಿಸುವುದು. ಕಂಡಕ್ಟರ್ ಮಂಜಣ್ಣನಿಗೂ ಬಾಯಿಗೆ ಬಂತು. ಮುಂದಿನ ಸೀಟಿನ ಹೆಂಗಸರಿಗೂ ಅರ್ಧ ಬಂತು. ಎಲ್ಲರೂ ನಗುತ್ತಿದ್ದೆವು.

ಈಗ ಕೂತು ನೆನೆದರೆ ಒಂದೊಂದೇ ಸಂಗತಿ ಕಾಣಿಸುತ್ತದೆ. "ಅಕ್ಕೋರೆ, ಅಕ್ಷರ ಒಂಚೂರು ದಪ್ಪ ಬರೀರಿ" ಎಂದಿದ್ದರು ಕೊಟ್ರಪ್ಪ. ಬರೆದೆ. ಇನ್ನೂ ದಪ್ಪ ಎಂದರು. ಪಾಪ, ಹೊಸ ಅಕ್ಷರ, ರೂಢಿಯಿಲ್ಲ ಅಂದುಕೊಂಡೆ. ದಾರಿಯಲ್ಲಿ ಯಾರಾದರೂ ಕೈ ತೋರಿಸಿದರೆ ಮಂಜಣ್ಣ "ಮುಂದ ಬೇವಿನ ಗಿಡದ ತಾವ ಇಬ್ರು ಅದಾರ" ಎಂದು ಕೂಗಿ ಹೇಳುತ್ತಿದ್ದ. ಎಂಥ ಹೊಂದಾಣಿಕೆ ಅಂದುಕೊಂಡೆ. ನಾನು ಬಸ್ಸು ಹತ್ತಿದರೆ, ನಾನಾಗಿ ಮಾತಾಡುವವರೆಗೂ ಕೊಟ್ರಪ್ಪ ನಮಸ್ಕಾರ ಹೇಳುತ್ತಿರಲಿಲ್ಲ. ಗಂಭೀರ ಸ್ವಭಾವ ಅಂದುಕೊಂಡೆ.

ಇನ್ನೊಂದಿದೆ. ಅಕ್ಷರ ಬಾರದವರಿಗೆಂದೇ ಬೇರೆ ಚಾರ್ಟು ಇರುತ್ತದೆ. ಒಂದೇ ಗುರುತನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಿ ಬರೆದಿರುತ್ತಾರೆ. ಯಾವ ಕಡೆ ತಿರುಗಿದೆ ಎಂದು ಬೆರಳಲ್ಲಿ ತೋರಿಸಿದರೆ ಸಾಕು, ಓದು ಬೇಕಿಲ್ಲ. ನಮ್ಮ ಲ್ಯಾಬಿನ ಚಾರ್ಟಿನ ಹಿಂಬದಿಯಲ್ಲಿ ಅದೂ ಇತ್ತು. "ಡಾಕ್ಟರಿಗೆ ಆ ಚಾರ್ಟು ಕೇಳ್ರಿ ಕೊಟ್ರಪ್ಪನೋರೆ" ಎಂದು ಹೇಳುವುದು ಎಷ್ಟು ಹೊತ್ತಿನ ಕೆಲಸ? ನನಗೆ ತೋಚಲಿಲ್ಲವೇ? ತೋಚಿತ್ತು. ಕಂಠಪಾಠ ಸಲೀಸು ಅನ್ನಿಸಿತು.

ಕೊಟ್ರಪ್ಪ ಪಾಸಾದರು. ಹಡಗಲಿಯಿಂದ ಎರಡು ಮಾರು ಮಲ್ಲಿಗೆ ತರಿಸಿ ಕೊಟ್ಟರು. ಮುಡಿದುಕೊಂಡು ಶಾಲೆಗೆ ಹೋದೆ. ಆ ವಾರ ಹತ್ತನೇ ತರಗತಿಗೆ ನಾನು ಮಾಡಿದ ಪಾಠ ಯಾವುದು ಹೇಳಿ? ಮಾನವನ ಕಣ್ಣು. ಬೋರ್ಡಿನ ಮೇಲೆ ಲೆನ್ಸ್ ಬರೆದು, ವಯಸ್ಸಾದಂತೆ ಇದಕ್ಕೆ ಪೊರೆ ಬರುತ್ತದೆ ಎಂದು ಹೇಳಿದ್ದೆ.

ಕೆಲವು ತಿಂಗಳು ಕಳೆದವು. ಚಳಿಗಾಲದ ಒಂದು ಬೆಳಿಗ್ಗೆ ಬಸ್ಸು ಪೂರ್ವಕ್ಕೆ ಹೋಗುತ್ತಿತ್ತು. ಸೂರ್ಯ ನೇರ ಎದುರಿಗೆ. ಮಂಜಣ್ಣ ಹಿಂದೆ ಟಿಕೆಟ್ ಹರಿಯುತ್ತಿದ್ದ. ರಸ್ತೆಯ ಎಡಬದಿಯಲ್ಲಿ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಕ್ಯಾರಿಯರ್ ಮೇಲೆ ಹೊಲಿಗೆ ಮಷೀನಿನ ತಲೆ ಕಟ್ಟಿತ್ತು. ನನಗೆ ದೂರದಿಂದಲೇ ಕಂಡಿತ್ತು. ಕೊಟ್ರಪ್ಪನವರಿಗೂ ಕಂಡಿರುತ್ತದೆ ಎಂದು ಸುಮ್ಮನೆ ಕೂತಿದ್ದೆ. ಬಸ್ಸು ಪಕ್ಕಕ್ಕೆ ಸರಿಯಲೇ ಇಲ್ಲ. ನಾನು ಕಿರುಚಿದ ಮೇಲೆ ಬ್ರೇಕ್ ಬಿತ್ತು.

ನಿಧಾನವಾಗಿ ಹೋಗುತ್ತಿದ್ದುದರಿಂದ ಜೀವ ಉಳಿಯಿತು. ಕಾಲು ಉಳಿಯಲಿಲ್ಲ. ಅವರು ಟೇಲರ್ ಫಕೀರಪ್ಪ. ಸಂತೆಯಿಂದ ಸಂತೆಗೆ ಮಷೀನು ಒಯ್ದು, ಅಲ್ಲಿಟ್ಟ ತುಳಿಯುವ ಸ್ಟ್ಯಾಂಡಿಗೆ ಕೂರಿಸಿ ಹೊಲಿಯುತ್ತಿದ್ದರು, ನಮ್ಮ ಶಾಲೆಯ ಮಕ್ಕಳ ಯೂನಿಫಾರ್ಮೂ ಅವರದೇ. ಕಾಲಿನಲ್ಲಿ ತುಳಿದು ದುಡಿಯುವ ಮನುಷ್ಯನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕೊಟ್ರಪ್ಪ ರಸ್ತೆಯ ಬದಿಯಲ್ಲಿ ಕೂತುಬಿಟ್ಟಿದ್ದರು. ನಾನು ನೀರು ಕೊಡಲು ಹೋದೆ. ನನ್ನ ದನಿ ಕೇಳಿ ತಲೆಯೆತ್ತಿದರು.

"ಅಕ್ಕೋರೆ, ಅಲ್ಲಿ ಯಾರೂ ಇರಲಿಲ್ರೀ. ಬರೇ ಬೆಳಕಿತ್ತು."

ಪೊಲೀಸರು ಬಂದರು. ಡ್ರೈವರ್ ಸಾವಕಾಶ ಓಡಿಸುತ್ತಿದ್ದರು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು ಹೇಳಿಕೆ ಕೊಟ್ಟೆ. ಎರಡೂ ನಿಜ. ಚಾರ್ಟಿನ ಬಗ್ಗೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೊಟ್ರಪ್ಪ ಆವತ್ತೇ ಬಸ್ಸಿನ ಕೀಲಿ ಮಾಲೀಕರ ಕೈಗೆ ಕೊಟ್ಟರು. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಮರುವರ್ಷ ಕೊಟ್ಟೂರಿನಲ್ಲಿ ಕಣ್ಣಿನ ಕ್ಯಾಂಪ್ ಆಯಿತು. ಹೆಸರು ಬರೆದುಕೊಳ್ಳಲು ನಾನೂ ಹೋಗಿದ್ದೆ. ಸಾಲಿನಲ್ಲಿ ಕೊಟ್ರಪ್ಪ ನಿಂತಿದ್ದರು. ಎರಡೂ ಕಣ್ಣಿಗೆ ಪೊರೆ. ಡಾಕ್ಟರು ಟಾರ್ಚ್ ಹಿಡಿದು ನೋಡಿ, "ಇದು ಇವತ್ತು ನಿನ್ನೆಯದಲ್ಲ, ಬಹಳ ವರ್ಷದ್ದು. ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಕೇಳಿದರು.

"ಬಸ್ ಹೊಡೀತಿದ್ದೆ ರೀ" ಎಂದರು ಕೊಟ್ರಪ್ಪ.

ಆಪರೇಷನ್ ಮಾಡಿ ಕಣ್ಣೊಳಗೆ ಲೆನ್ಸ್ ಕೂರಿಸಿದರು. ಪಟ್ಟಿ ಬಿಚ್ಚಿದ ದಿನ ನಾನು ಎದುರಿಗಿದ್ದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಅಕ್ಕೋರೆ, ಆವತ್ತು ನಾನು ಫೇಲಾಗಿದ್ರ, ಆವತ್ತೇ ಈ ಆಪರೇಷನ್ ಆಗಿಬಿಡ್ತಿತ್ತಲ್ರೀ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಎಲ್ಲೋ ಯಾರೋ ಎಷ್ಟು ದೂರಕ್ಕೆ ಎಷ್ಟು ದಪ್ಪದ ಅಕ್ಷರ ಕಾಣಬೇಕು ಎಂದು ಅಳೆದು ಅಳೆದು ಆ ಚಾರ್ಟು ಮಾಡಿದ್ದರು. ಇನ್ಯಾರೋ ಪೊರೆ ತೆಗೆದ ಜಾಗಕ್ಕೆ ಲೆನ್ಸ್ ಕೂರಿಸುವುದನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಸರಿಮಾಡಿದ್ದರು. ಅಷ್ಟು ಜನರ ಕೆಲಸ ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನವರೆಗೂ ಬಂದು ನಿಂತಿತ್ತು. ಕೊಟ್ರಪ್ಪನವರ ಕಣ್ಣು ಆಗಲೇ ಸರಿಹೋಗುತ್ತಿತ್ತು, ಫಕೀರಪ್ಪನವರ ಕಾಲು ಉಳಿಯುತ್ತಿತ್ತು. ನಡುವೆ ನಾನು ಹೋಗಿ ಸಹಾಯ ಮಾಡಿದೆ.

ಪರೀಕ್ಷೆ ಎಂದರೆ ನಮಗೆ ಪಾಸಾಗುವುದೊಂದೇ ಗೊತ್ತು. ಶುಗರ್ ಟೆಸ್ಟಿಗೆ ಮುಂಚೆ ಎರಡು ದಿನ ಸಿಹಿ ಬಿಟ್ಟು, ರಿಪೋರ್ಟ್ ಚೆನ್ನಾಗಿ ಬಂತೆಂದು ಹೋಳಿಗೆ ತಿನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಲಾರಿಯ ತಪಾಸಣೆಗೆ ಬೇರೆ ಗಾಡಿಯ ಟೈರು ಹಾಕಿಕೊಂಡು ಹೋಗಿ, ಸಂಜೆ ಬಿಚ್ಚಿ ಕೊಡುವವರನ್ನು ಕಂಡಿದ್ದೇನೆ. ಯಾರಿಗೆ ಮೋಸ ಮಾಡಿದ ಹಾಗಾಯಿತು?

ಕೊಟ್ರಪ್ಪ ಹೋದ ವರ್ಷ ತೀರಿಕೊಂಡರು. ಫಕೀರಪ್ಪ ಈಗ ಕೈಯಿಂದ ತಿರುಗಿಸುವ ಮಷೀನಿನಲ್ಲಿ ಹೊಲಿಯುತ್ತಾರೆ. ಇಷ್ಟು ವರ್ಷ ನನ್ನ ರವಿಕೆಗಳನ್ನೂ ಅವರೇ ಹೊಲಿದಿದ್ದಾರೆ. ಪ್ರತಿಸಲ ಹೋದಾಗಲೂ ಹೇಳಬೇಕು ಎಂದುಕೊಂಡು, ಅಳತೆ ಕೊಟ್ಟು ಬರುತ್ತಿದ್ದೆ.

ಕನ್ನಡಕದ ಅಂಗಡಿಯಿಂದ ಈ ಸಲ ನೇರ ಅವರ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಹಾಳೆ, ದಪ್ಪ ಅಕ್ಷರ, ಚಾರ್ಟಿನ ಹಿಂಬದಿ, ಮಲ್ಲಿಗೆ. ಅವರು ಹೊಲಿಯುವುದನ್ನು ನಿಲ್ಲಿಸಿ ಕೇಳಿದರು. ದಾರ ಕತ್ತರಿಸಿ, ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೊಟ್ರಪ್ಪಗ ಕಣ್ಣು ಕಾಣ್ತಿರಲಿಲ್ಲ, ಬಿಡ್ರಿ" ಎಂದರು. "ನಿಮಗ ಕಾಣ್ತಿತ್ತಲ್ರೀ, ಅಕ್ಕೋರೆ?"