ಅಕ್ಕನ ಗಾಯದ ಪ್ಲೇಟು

ಗಾಯದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ನನ್ನ ಸಂಶೋಧನೆಯ ವಿಷಯ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ರಸ್ತೆಯಲ್ಲಿ ನಮ್ಮ ಪ್ರಯೋಗಾಲಯವಿದೆ. ಸುತ್ತಲಿನ ಆಸ್ಪತ್ರೆಗಳಿಂದ ಬರುವ ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಮುಚ್ಚಳವಿರುವ ಪುಟ್ಟ ಪ್ಲೇಟುಗಳಲ್ಲಿ ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನೋಡುವುದು ನನ್ನ ಕೆಲಸ. ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಗೆ ಇದನ್ನು ಅರ್ಥ ಮಾಡಿಸಲು ನನ್ನಿಂದ ಎಂದೂ ಆಗಲಿಲ್ಲ. ನಮ್ಮ ಮನೆಮಾತು ತೆಲುಗು; ಅಕ್ಕ ನನ್ನನ್ನು ಚೆಲ್ಲಿ, ಅಂದರೆ ತಂಗಿ, ಎಂದೇ ಕರೆಯುತ್ತಿದ್ದಳು. "ನಂಗೂ ಹುಳಾನೇ ಅನ್ನ ಹಾಕ್ತಾವೆ, ನಿಂಗೂ ಹುಳಾನೇ. ನನ್ನವು ರೇಷ್ಮೆ ಕೊಡ್ತಾವೆ, ನಿನ್ನವು ಏನ್ ಕೊಡ್ತಾವೆ ಚೆಲ್ಲಿ?" ಎಂದು ಬೀದಿಯವರ ಎದುರೇ ಕಾಲೆಳೆಯುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ನನಗೆ ಅವಳೇ ಅವ್ವ. ಅವಳದು ಗುಂಡಿ ಮಗ್ಗ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾ ನೇಯಬೇಕು. ಸಕ್ಕರೆ ಕಾಯಿಲೆಯಿಂದ ಪಾದಗಳಿಗೆ ಸ್ಪರ್ಶಜ್ಞಾನವೇ ಇರಲಿಲ್ಲವಾದ್ದರಿಂದ ಹಲಗೆಯ ಸಿಬಿರು ಚುಚ್ಚಿದ್ದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಹೆಬ್ಬೆರಳ ಕೆಳಗೆ ಕೀವು ತುಂಬಿತ್ತು.

ಆ ಕೀವು ನನ್ನ ಮೇಜಿಗೇ ಬಂತು. ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಮೇಲೆ ಔಷಧದ ಪುಟ್ಟ ಬಿಲ್ಲೆಗಳನ್ನಿಡುತ್ತೇವೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಮೂಡುತ್ತದೆ. ಅಕ್ಕನ ಪ್ಲೇಟಿನಲ್ಲಿ ಅಗಲವಾದ ವೃತ್ತವಿತ್ತು. ಹೋದ ಜೀವ ಬಂದಂತಾಯಿತು. ಡಾಕ್ಟರು ಬರೆದ ಮಾತ್ರೆಗಳನ್ನು ನಾನೇ ಬಸ್ಸಿನಲ್ಲಿ ಒಯ್ದು ಅವಳ ಕೈಗಿಟ್ಟೆ.

"ವಾಸಿ ಆದಂಗೆ ಕಂಡ್ರೂ ನಿಲ್ಲಿಸ್ಬೇಡ. ಖಾಲಿ ಆಗೋತಂಕ ನುಂಗ್ಬೇಕು," ಎಂದೆ.

"ಆಯ್ತು ಬಿಡೇ, ಡಾಕ್ಟ್ರಮ್ಮ."

ಫೋನ್ ಮಾಡಿದಾಗಲೆಲ್ಲ "ನುಂಗ್ದೆ ಕಣೇ" ಎನ್ನುತ್ತಿದ್ದಳು. ಗಾಯ ಒಣಗಿತು. ಯಾರದೋ ಮದುವೆಗೆ ಒಪ್ಪಿಕೊಂಡಿದ್ದ ಸೀರೆ ಮುಗಿಸಬೇಕೆಂದು ಮತ್ತೆ ಗುಂಡಿಗಿಳಿದಳು.

ಕೆಲವೇ ವಾರಗಳಲ್ಲಿ ಗಾಯ ಮತ್ತೆ ಬಾತು ಚಳಿಜ್ವರ ಬಂತು. ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟಿದ ಬಟ್ಟೆ ಬಿಚ್ಚಿದಾಗ ಕೀವು ಹಸಿರುಗಟ್ಟಿತ್ತು. ಹಣ್ಣಾಗಿ ಕೊಳೆತ ದ್ರಾಕ್ಷಿಯಂಥ ಸಿಹಿ ವಾಸನೆ. ನಮ್ಮ ಕಸುಬಿನವರಿಗೆ ಆ ವಾಸನೆ ಚೆನ್ನಾಗಿ ಗೊತ್ತು; ಮೊದಲ ಸಲದ ಬ್ಯಾಕ್ಟೀರಿಯಾವೇ ಮರಳಿತ್ತು. ಈ ಸಲವೂ ಪ್ಲೇಟು ಹಾಕಿದವಳು ನಾನೇ. ಮಾರನೆಯ ದಿನ ತೆರೆದು ನೋಡಿದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ದಟ್ಟವಾಗಿ ಬೆಳೆದಿತ್ತು. ಬೇರೆ ಬೇರೆ ಔಷಧಗಳ ಬಿಲ್ಲೆಗಳನ್ನಿಟ್ಟೆ. ವೃತ್ತ ಮೂಡಲೇ ಇಲ್ಲ. ಅಷ್ಟು ವರ್ಷ ಇಂಥ ಪ್ಲೇಟುಗಳನ್ನು ನೋಡಿ ವರದಿ ಬರೆದವಳು ಅಂದು ವರದಿಯ ಮೇಲೆ ಅಕ್ಕನ ಹೆಸರು ಬರೆಯಲಾರದೆ ಪೆನ್ನು ಕೆಳಗಿಟ್ಟೆ. ಅಕ್ಕ ಉಳಿಯುವುದಿಲ್ಲವೆಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ.

ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಪಾದ ತೆಗೆದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಅಕ್ಕ ಮನೆಗೆ ಬರಲಿಲ್ಲ.

ಮೊದಲ ಪ್ಲೇಟಿನಲ್ಲಿ ಸಲೀಸಾಗಿ ಸತ್ತದ್ದು ಎರಡನೆಯದರಲ್ಲಿ ಹೇಗೆ ಬದುಕಿತು? ಮಾತ್ರೆ ಪೂರ್ತಿ ನುಂಗಿದವಳಲ್ಲಿ ಹೀಗೇಕಾಯಿತು? ಓದಿದ್ದನ್ನೆಲ್ಲ ತಿರುವಿ ಹಾಕಿದೆ. ಉತ್ತರ ಸಿಕ್ಕಿದ್ದು ತಿಥಿಯ ದಿನ, ಎದುರುಮನೆಯಾಕೆಯ ಬಾಯಲ್ಲಿ. ಅವರೂ ಮಗ್ಗದವರೇ. ನನ್ನ ಪಕ್ಕ ಕುಳಿತು ಅತ್ತರು.

"ನಿಮ್ಮಕ್ಕ ದೇವರಂಥೋಳು ಕಣವ್ವ. ನನ್ನ ಮಗಳು ಕೆಮ್ಮಿ ಕೆಮ್ಮಿ ಸುಸ್ತಾದಾಗ ನೀನು ತಂದಿದ್ದ ಮಾತ್ರೆ ಕೊಟ್ಲು. ಮೂಲೆಮನೆ ಅಜ್ಜಿಗೂ ಹಲ್ಲುನೋವಿಗೆ ಕೊಟ್ಲು. 'ನಂಗೆ ವಾಸಿ ಆತು, ನಮ್ಮ ಚೆಲ್ಲಿ ಚಳ್ಳಕೆರೆಯಿಂದ ತಂದಿರೋವು, ಒಳ್ಳೇವು, ತಗೊಳ್ರಿ' ಅಂತಿದ್ಲು."

ನಮ್ಮ ಬೀದಿಯೇ ಹಾಗೆ. ಒಬ್ಬರ ಮನೆಗೆ ಬಂದದ್ದು ಎಲ್ಲರ ಮನೆಗೂ ಹೋಗಬೇಕು. ನಾನು ತರುತ್ತಿದ್ದ ಕಡಲೆಬೀಜದ ಚಿಕ್ಕಿ ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಹಂಚಿ ಹೋಗಿರುತ್ತಿತ್ತು. ಮಾತ್ರೆಗಳೂ ಹಾಗೇ ಹೋದವು. ಅರ್ಧಕ್ಕೆ ನಿಂತ ಔಷಧಕ್ಕೆ ಸಾಯದೆ ಉಳಿದ ಬ್ಯಾಕ್ಟೀರಿಯಾ ಅದಕ್ಕೆ ಪಳಗಿ ಮತ್ತೆ ಬೆಳೆದಿತ್ತು. ಅಕ್ಕನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಎದ್ದು ಬಂದರೆ ಸಾಕು, ಬೈದುಬಿಡುತ್ತಿದ್ದೆ. ಅವಳು ಎಲ್ಲಿಂದ ಬರಬೇಕು?

ಎದುರುಮನೆಯಾಕೆ ಕಣ್ಣೊರೆಸಿಕೊಂಡರು. "ಇನ್ನೂ ಉಳ್ಕೊಂಡಿದ್ರೆ ನಂಗೊಂದೆರಡು ಕೊಡವ್ವ," ಎಂದು ಸೀರೆಯ ನೆರಿಗೆ ಸರಿಸಿ ಪಾದವನ್ನು ನನ್ನತ್ತ ಚಾಚಿದರು. "ಮಗ್ಗದಾಗೆ ತಾಗಿ ಗಾಯ ಆಗೈತೆ. ನೋವೇನೂ ಇಲ್ಲ."

ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಗಾಯದ ಸುತ್ತ ಒತ್ತಿ ನೋಡಿದೆ. ಅಕ್ಕನ ಪಾದದಂತೆ ಅದಕ್ಕೂ ಸ್ಪರ್ಶಜ್ಞಾನವಿರಲಿಲ್ಲ. "ನಾಳೆ ನನ್ ಜೊತೆ ಆಸ್ಪತ್ರೆಗೆ ಬರ್ರಿ," ಎಂದೆ.

"ಅಷ್ಟು ದೂರ ಯಾಕವ್ವ? ಎರಡು ಮಾತ್ರೆ ಸಾಲದಾ?"

ಸಾಲದು ಎನ್ನಲು ಬಾಯಿ ತೆರೆದವಳು ಅವರ ಕಾಲು ಹಿಡಿದುಕೊಂಡೇ ಅತ್ತುಬಿಟ್ಟೆ.